ಅತ್ತೆಯ ಮೂರು ಲೋಟ

ಕಾಫಿಬೀಜ ಹುರಿಯುವ ವಾಸನೆ ಎಲ್ಲಿಂದ ತೇಲಿಬಂದರೂ ದೊಡ್ಡಬಳ್ಳಾಪುರದ ನಮ್ಮ ಮಗ್ಗದ ಮನೆ, ಪಡಸಾಲೆಯಲ್ಲಿ ರಾಟೆಯ ಮುಂದೆ ಕೂತ ನಮ್ಮತ್ತೆ ಕಣ್ಣಮುಂದೆ ಬರುತ್ತಾರೆ. ಆ ಮನೆ ಈಗಿಲ್ಲ. ಅತ್ತೆ ಎಂದರೆ ಅಪ್ಪನ ಅಕ್ಕ. ಚಿಕ್ಕ ವಯಸ್ಸಿಗೇ ಗಂಡನನ್ನು ಕಳೆದುಕೊಂಡು ತಮ್ಮನ ಮನೆ ಸೇರಿದವರು. ಅಂಥವರೊಬ್ಬರು ನಿಮ್ಮ ಮನೆಯಲ್ಲೂ ಇದ್ದಿರಬೇಕು. ಅಪ್ಪ ನೇಯುವ ಸೀರೆಗೆ ರೇಷ್ಮೆ ಎಳೆ ಸುತ್ತಿಕೊಡುವುದು ಅವರ ಕೆಲಸ. ಬಂದ ಹೊಸದರಲ್ಲಿ ಅರ್ಧ ಲೋಟ ಕಾಫಿ ಕುಡಿದರೆ ಇಡೀ ದಿನ ತೂಕಡಿಕೆ ಹತ್ತಿರ ಸುಳಿಯುತ್ತಿರಲಿಲ್ಲವಂತೆ. ನನಗೆ ಬುದ್ಧಿ ಬರುವ ಹೊತ್ತಿಗೆ ಅದು ಮೂರು ಲೋಟಕ್ಕೆ ಏರಿತ್ತು. ಅಷ್ಟನ್ನೂ ಕುಡಿದು, ಗೋಡೆಗೊರಗಿ ಹಾಯಾಗಿ ಗೊರಕೆ ಹೊಡೆಯುತ್ತಿದ್ದರು. "ಮೈಗೆ ಒಗ್ಗೋಯ್ತು ಕಣೇ, ಈಗಿದು ಬರೀ ಬಿಸ್ನೀರು" ಎನ್ನುತ್ತಿದ್ದರು.

ಯುದ್ಧದ ಕಾಲದಲ್ಲಿ ಬೀಜ ಸಿಗುವುದೇ ನಿಂತಿತು. ಅತ್ತೆ ಮೂರು ದಿನ ಹಣೆಗೆ ಬಟ್ಟೆ ಬಿಗಿದುಕೊಂಡು ಕಂಡಕಂಡವರ ಮೇಲೆಲ್ಲ ರೇಗಿದರು. ಆಮೇಲೆ ಹುರಿದ ರಾಗಿಯ ಕಷಾಯಕ್ಕೆ ಬೆಲ್ಲ ಹಾಕಿಕೊಂಡು ಸುಮ್ಮನಾದರು. ಎರಡು ತಿಂಗಳ ಮೇಲೆ ಅಪ್ಪ ಬೆಂಗಳೂರು ಪೇಟೆಯಿಂದ ಒಂದು ಪೊಟ್ಟಣ ಬೀಜ ತಂದರು. ಅತ್ತೆ ಸಡಗರದಿಂದ ಹುರಿದು, ಪುಡಿಮಾಡಿ, ಹಳೆಯ ಅಳತೆಯಲ್ಲೇ ಒಂದರ ಹಿಂದೊಂದು ಮೂರು ಲೋಟ ಇಳಿಸಿದರು. ಒಗ್ಗಿದ್ದ ಮೈ ಅಷ್ಟರಲ್ಲೇ ಆ ರೂಢಿ ಬಿಟ್ಟಿರುತ್ತದೆಂದು ನಮ್ಮಲ್ಲಿ ಯಾರಿಗೆ ಗೊತ್ತಿತ್ತು?

ರಾಟೆಗೆ ಕೂತ ಸ್ವಲ್ಪ ಹೊತ್ತಿಗೇ ಎದೆ ಡವಡವ ಎನ್ನತೊಡಗಿತು, ಬೆರಳು ನಡುಗತೊಡಗಿದವು. ಹಿಡಿದ ಎಳೆಯೆಲ್ಲ ತುಂಡು. ಗಂಟು ಹಾಕಲೂ ಆಗದೆ ನನ್ನನ್ನು ಕರೆದರು. "ನೀನೇ ಗಂಟ್ಹಾಕು ಮಗಾ. ಕೈ ನಡುಗ್ತು ಅಂತ ನಿಮ್ಮಪ್ಪಂಗೆ ಹೇಳ್ಬ್ಯಾಡ. ಕೈಲಾಗ್ದೋಳ್ನ ಯಾರು ಎಷ್ಟು ದಿನ ಇಟ್ಕೋತಾರೆ?" ಎಂದರು. ನನಗಾಗ ಒಂಬತ್ತು ವರ್ಷ. ಅವರ ಭಯ ನೋಡಿ ನನಗೂ ಭಯವಾಯಿತು. ಸಂಜೆಗೆ ನಡುಕವೇನೋ ಇಳಿಯಿತು. ಆದರೆ ನನ್ನ ಗಂಟುಗಳು ಕಡಲೆಕಾಳಿನಷ್ಟು ದಪ್ಪ. ಮರುದಿನ ಮಗ್ಗಕ್ಕೆ ಕೂತ ಅಪ್ಪನಿಗೆ ತಿಳಿಯದೇ ಇರುತ್ತದೆಯೇ? ಕೇಳಿದ್ದೇ ತಡ, ಅಳುತ್ತಾ ಎಲ್ಲ ಹೇಳಿಬಿಟ್ಟೆ.

ಅಪ್ಪ ಎದ್ದು ಹೋಗಿ ಅತ್ತೆಯ ಎದುರು ಕುಕ್ಕರಗಾಲಲ್ಲಿ ಕೂತರು. "ಅಕ್ಕಾ, ನಿನ್ ಕೈ ನೋಡ್ಕೊಂಡಾ ನಾನು ನಿನ್ನ ಮನೆಗೆ ಕರ್ಕೊಂಡ್ ಬಂದಿದ್ದು?" ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಬಿಕ್ಕಿದರು.

ಎಷ್ಟೋ ವರ್ಷದ ಮೇಲೆ, ಮುಪ್ಪಿನಲ್ಲಿ, ಆ ಕೈ ನಿಜವಾಗಿಯೇ ನಡುಗಲು ಶುರುವಾಯಿತು. ಅತ್ತೆ ಅದನ್ನು ಯಾರಿಂದಲೂ ಮುಚ್ಚಿಡಲಿಲ್ಲ. ಬೆಳಿಗ್ಗೆ ಅಪ್ಪ ಮಗ್ಗ ನಿಲ್ಲಿಸಿ ಬಂದು ಲೋಟ ಹಿಡಿದು ಕುಡಿಸುತ್ತಿದ್ದರು. ಒಂದು ಗುಟುಕು ಕುಡಿದು ಅತ್ತೆ, "ಸಕ್ಕರೆ ಸಾಲ್ದು, ಹೋಗಿ ಹಾಕ್ಕೊಂಡ್ ಬಾ" ಎಂದು ತಮ್ಮನನ್ನು ಗದರುತ್ತಿದ್ದರು.