ಪರಿವಿಡಿ ಓದಿಸುವ ಕಲ್ಲಮ್ಮ

ಬೆಳಿಗ್ಗೆ ಆರೂಕಾಲು. ಶಿವಮೊಗ್ಗದ ಹೊಸಮನೆಯ ಅಡ್ಡರಸ್ತೆಯಲ್ಲಿ ಹಾಲಿನ ಅಂಗಡಿ ಬಿಟ್ಟರೆ ಬಾಗಿಲು ತೆರೆದಿರುವುದು ಕಲ್ಲಮ್ಮನವರ ಡಿ.ಟಿ.ಪಿ. ಅಂಗಡಿ ಮಾತ್ರ. ಭದ್ರಾವತಿಯಿಂದ ಮೊದಲ ಬಸ್ಸಿಗೆ ಬಂದಿಳಿದ ಅವರು ಚಪ್ಪಲಿ ಹೊರಗೆ ಬಿಟ್ಟು, ಕೀಬೋರ್ಡಿಗೆ ಕೈಮುಗಿದು, ಕಂಪ್ಯೂಟರ್ ಆನ್ ಮಾಡುತ್ತಾರೆ. ಅದು ಏಳುವಷ್ಟರಲ್ಲಿ ಫ್ಲಾಸ್ಕಿನ ಟೀ ಎರಡು ಲೋಟಕ್ಕೆ ಬಗ್ಗಿಸಿ ಒಂದನ್ನು, ಪತ್ರಿಕೆಗೆ ಅವರ ಬಗ್ಗೆ ಬರೆಯಲು ಬಂದ ನನ್ನ ಕೈಗಿಡುತ್ತಾರೆ. "ಒಂಬತ್ತು ಗಂಟೆ ಆಯ್ತು ಅಂದ್ರೆ ಆಧಾರ್ ಜೆರಾಕ್ಸ್, ಜಾತಿ ಸರ್ಟಿಫಿಕೇಟಿನ ಅರ್ಜಿ ಅಂತ ಜನ ಶುರು. ದೊಡ್ಡ ಕೆಲಸಕ್ಕೆ ಈ ಮೂರು ಗಂಟೇನೇ ಗತಿ."

ದೊಡ್ಡ ಕೆಲಸ ಎಂದರೆ ಪಿಎಚ್.ಡಿ. ಮಹಾಪ್ರಬಂಧ. ಏಳೆಂಟು ಅಧ್ಯಾಯ, ನಾನೂರು ಪುಟ, ಕೋಷ್ಟಕ, ನಕ್ಷೆ, ಅನುಬಂಧ. ವಿದ್ಯಾರ್ಥಿಗಳು ಹತ್ತಾರು ಫೈಲುಗಳಲ್ಲಿ, ಹತ್ತಾರು ಅಕ್ಷರ ವಿನ್ಯಾಸಗಳಲ್ಲಿ ತಂದು ಸುರಿಯುವುದನ್ನು ಕಲ್ಲಮ್ಮ ಒಂದು ಪುಸ್ತಕವಾಗಿ ಜೋಡಿಸುತ್ತಾರೆ. ಇಲ್ಲಿಯವರೆಗೆ ನೂರ ಮೂವತ್ತೇಳು ಆಗಿವೆ. ಡಾಕ್ಟರ್ ಆದವರು ನೂರ ಮೂವತ್ತಾರು ಜನ. ಆ ಒಂದು ಎಲ್ಲಿ ಹೋಯಿತೆಂದು ಕೇಳಿದರೆ ಅವರು ಲೋಟ ಕೆಳಗಿಡುತ್ತಾರೆ. "ಹೇಳ್ತೀನಿ ಇರಿ. ಇವತ್ತು ಅದರದ್ದೇ ದಿನ."

ಮೊದಲು ಅವರ ಪದ್ಧತಿ ಹೇಳಿಬಿಡುತ್ತೇನೆ. ಕಲ್ಲಮ್ಮ ಪುಟಸಂಖ್ಯೆಯನ್ನು ಕೈಯಾರೆ ಟೈಪ್ ಮಾಡುವುದಿಲ್ಲ, ಯಾರಿಗೂ ಮಾಡಲು ಬಿಡುವುದೂ ಇಲ್ಲ. ಅಧ್ಯಾಯದ ತಲೆಬರಹಕ್ಕೆ ಇಂಥದ್ದೆಂದು ಗುರುತಿಡುವ ಒಂದು ಸ್ಟೈಲ್, ಉಪಶೀರ್ಷಿಕೆಗೊಂದು ಸ್ಟೈಲ್ ಮೊದಲೇ ಕಟ್ಟಿಡುತ್ತಾರೆ. ಪರಿವಿಡಿಯನ್ನು ಕಂಪ್ಯೂಟರೇ ಅವುಗಳಿಂದ ಹೆಕ್ಕಿಕೊಳ್ಳುತ್ತದೆ. ಹತ್ತು ಪುಟ ಅತ್ತಿತ್ತ ಆದರೂ ಒಂದು ಕೀಲಿ ಒತ್ತಿದರೆ ಅಂಕಿಗಳೆಲ್ಲ ತಾವಾಗಿ ಸರಿಹೋಗುತ್ತವೆ. ನಾನೋ, ಇಪ್ಪತ್ತು ವರ್ಷದಿಂದ ಶೀರ್ಷಿಕೆಯನ್ನು ನಡುವೆ ತರಲು ಸ್ಪೇಸ್ ಬಾರ್ ಕುಟ್ಟುವ ಜಾತಿ. ಹೊಸ ಪುಟ ಬೇಕಾದರೆ ಎಂಟರ್ ಒತ್ತುತ್ತಲೇ ಹೋಗುತ್ತೇನೆ. ಇದನ್ನು ಒಪ್ಪಿಕೊಂಡಾಗ ಅವರು ಹಣೆ ಚಚ್ಚಿಕೊಂಡರು. "ಅಯ್ಯೋ ಮಾರಾಯ್ರೇ, ನೀವು ಪೇಪರ್‌ನೋರಾ!"

ಇನ್ನೊಂದು ಪದ್ಧತಿ ಅವರದ್ದೇ. ಕೊನೆಯ ಪ್ರಿಂಟಿಗೆ ಮುಂಚೆ ಪರಿವಿಡಿಯನ್ನು ಪ್ರಬಂಧ ಬರೆದವರೋ ಅವರ ಮನೆಯವರೋ ನಿಂತು ಗಟ್ಟಿಯಾಗಿ ಓದಬೇಕು. ಒಂದೊಂದು ಸಾಲಿಗೂ ಕಲ್ಲಮ್ಮ ಕರಡು ಪ್ರತಿಯಲ್ಲಿ ಆ ಪುಟ ತೆಗೆದು ತೋರಿಸುತ್ತಾರೆ. ಕೂತು ಓದುವಂತಿಲ್ಲ. "ಕೂತ್ರೆ ಕಣ್ಣು ಸಾಲು ಹಾರಿಸುತ್ತೆ. ನಿಂತ್ರೆ ಮೈಯೆಲ್ಲ ಎಚ್ಚರ ಇರುತ್ತೆ."

ಐವತ್ತಾರರ ಕಲ್ಲಮ್ಮ ಮದುವೆಯಾದ ಹೊಸದರಲ್ಲಿ ಭದ್ರಾವತಿಯ ಹಳೇನಗರದಲ್ಲಿ ಟೈಪ್‌ರೈಟಿಂಗ್ ಕಲಿಸುತ್ತಿದ್ದರು. ಪತಿ ವೀರಪ್ಪ ಕಾಗದದ ಕಾರ್ಖಾನೆಯಲ್ಲಿದ್ದವರು. ಕಾರ್ಖಾನೆ ನಿಂತ ಮೇಲೆ ಮನೆ ನಡೆದದ್ದು ಇವರ ಹತ್ತು ಬೆರಳಿನ ಮೇಲೆ. ಬಲ ಭುಜ ಈಗ ಕಿವಿಯ ಮಟ್ಟಕ್ಕಿಂತ ಮೇಲೆ ಏಳುವುದಿಲ್ಲ. ದಿನಕ್ಕೆ ನಲವತ್ತು ಪುಟ, ವಾರಕ್ಕೆ ಆರು ದಿನ. "ಮೌಸ್ ಹಿಡಿಯೋಕೆ ಭುಜ ಯಾಕೆ, ಮಣಿಕಟ್ಟು ಸಾಕು" ಎಂದು ಅವರು ಅದನ್ನು ಅಲ್ಲಿಗೇ ಮುಗಿಸುತ್ತಾರೆ.

ಡಾಕ್ಟರ್ ಆಗದೆ ಉಳಿದ ಆ ಒಬ್ಬರು ಚೌಡಪ್ಪ ಮೇಷ್ಟ್ರು. ಭದ್ರಾವತಿಯ ಹೈಸ್ಕೂಲಿನಲ್ಲಿ ಕನ್ನಡ ಹೇಳುತ್ತಿದ್ದವರು. ಕಾಲೇಜಿನಲ್ಲಿ ಪಾಠ ಮಾಡಬೇಕೆಂಬ ಆಸೆಯಿಂದ ಒಂಬತ್ತು ವರ್ಷ ದುಡಿದು ಪ್ರಬಂಧ ಬರೆದರು. 2004ರಲ್ಲಿ ಅದನ್ನು ಟೈಪ್ ಮಾಡಿದ್ದು ಕಲ್ಲಮ್ಮ. ಪರಿವಿಡಿಯ ಅಂಕಿಗಳನ್ನು ಆಗ ಅವರು ಕೈಯಾರೆ ಹೊಡೆಯುತ್ತಿದ್ದರು. ಕೊನೆಯ ದಿನ ಬೆಳಿಗ್ಗೆ ಎರಡನೇ ಅಧ್ಯಾಯಕ್ಕೆ ನಾಲ್ಕು ಪುಟ ನಕ್ಷೆ ಸೇರಿತು. ಮುಂದಿನ ಪುಟಗಳೆಲ್ಲ ನಾಲ್ಕು ನಾಲ್ಕು ಜರುಗಿದವು. ಪರಿವಿಡಿ ಮಾತ್ರ ಇದ್ದಲ್ಲೇ ಇತ್ತು. ವಿಶ್ವವಿದ್ಯಾಲಯದ ಕಚೇರಿಯವರು ನಾಲ್ಕನೇ ಅಧ್ಯಾಯವೆಂದು ನೂರ ಇಪ್ಪತ್ತೊಂದನೇ ಪುಟ ತೆಗೆದರೆ ಅಲ್ಲಿ ಮೂರನೆಯದರ ಬಾಲ. ಸರಿಮಾಡಿಕೊಂಡು ಬನ್ನಿ ಎಂದರು. ಸರಿಮಾಡಿ ತರುವಷ್ಟರಲ್ಲಿ ಕಚೇರಿ ಮುಚ್ಚಿತ್ತು, ನೋಂದಣಿಯ ಅವಧಿಯೂ ತೀರಿತ್ತು.

"ಪರಿವಿಡಿ ಇನ್ನೊಂದ್ಸಲ ನೋಡೋಣ ಅಂತ ಮೇಷ್ಟ್ರು ಅವತ್ತು ಅಂದಿದ್ರು. ಯಾರು ನೋಡ್ತಾರೆ ಬಿಡಿ ಸಾರ್, ಟೈಮಾಯ್ತು ಅಂದೋಳು ನಾನೇ" ಎನ್ನುತ್ತಾರೆ ಕಲ್ಲಮ್ಮ. "ಅವರು ಒಂದು ಮಾತು ಬೈಲಿಲ್ಲ. ಮುಂದಿನ ವರ್ಷ ಸ್ಕೂಲಿನ ಪ್ರಶ್ನೆಪತ್ರಿಕೆ ನನ್ನ ಹತ್ರಾನೇ ಟೈಪಿಂಗಿಗೆ ತಂದ್ರು. ಅವತ್ತು ಅತ್ಬಿಟ್ಟೆ ನೋಡಿ." ಮೂವತ್ತಾರನೇ ವಯಸ್ಸಿನಲ್ಲಿ, ಕಾಲೇಜು ಹುಡುಗಿಯರ ನಡುವೆ ಕೂತು, ಅವರು ಕಂಪ್ಯೂಟರನ್ನು ಮೊದಲಿನಿಂದ ಕಲಿತರು. ಮೇಷ್ಟ್ರು ಹೈಸ್ಕೂಲಿನಲ್ಲೇ ನಿವೃತ್ತರಾದರು.

ಇವತ್ತು ಸಂಜೆ ಐದಕ್ಕೆ ಕಚೇರಿಗೆ ಹೋಗಬೇಕಾದ ಪ್ರಬಂಧ ಮೇಷ್ಟ್ರ ಮಗಳು ರಕ್ಷಾ ಅವರದ್ದು. ಸಿಗಬೇಕಾದ ವಿಸ್ತರಣೆಗಳೆಲ್ಲ ಮುಗಿದು, ಇದೇ ಕೊನೆಯ ದಿನ.

ಏಳು ಗಂಟೆಗೆ ನವುಲೆಯಿಂದ ಸ್ಕೂಟರಿನಲ್ಲಿ ಬಂದ ರಕ್ಷಾ ಪೆನ್‌ಡ್ರೈವ್ ಕೊಡುತ್ತಾರೆ. ಮೂರನೇ ಅಧ್ಯಾಯದ ಹನ್ನೊಂದು ಪುಟದ ಕೋಷ್ಟಕವನ್ನು ಕೊನೆಯ ಅನುಬಂಧಕ್ಕೆ ಹಾಕಿ ಎಂದು ಗೈಡ್ ನಿನ್ನೆ ಫೋನ್ ಮಾಡಿದ್ದರಂತೆ. ಆಂಟಿಗೇಕೆ ತೊಂದರೆ ಎಂದು ರಕ್ಷಾ ಮನೆಯಲ್ಲೇ ಆ ಕೆಲಸ ಮಾಡಿದ್ದಾರೆ. ಫೈಲು ತೆರೆದರೆ ಮೂರನೇ ಅಧ್ಯಾಯ ಪೂರ್ತಿ ಅಡ್ಡ ಮಲಗಿದೆ! ಕೋಷ್ಟಕದ ಅಡ್ಡ ಪುಟಗಳನ್ನು ಉದ್ದ ಪುಟಗಳಿಂದ ಬೇರ್ಪಡಿಸುವ ಸೆಕ್ಷನ್ ಬ್ರೇಕನ್ನು ಖಾಲಿ ಸಾಲೆಂದು ಅಳಿಸಿಬಿಟ್ಟಿದ್ದಾರೆ.

"ಆತುರಗಾರನಿಗೆ ಬುದ್ಧಿ ಮಟ್ಟ ಅಂತ ಸುಮ್ನೆ ಹೇಳಿಲ್ಲ ಮಾರಾಯ್ತಿ" ಎಂದು ಗದರುತ್ತಲೇ ಕಲ್ಲಮ್ಮ ಹತ್ತು ನಿಮಿಷದಲ್ಲಿ ಅದನ್ನು ಎಬ್ಬಿಸಿ ನಿಲ್ಲಿಸುತ್ತಾರೆ. ಪರಿವಿಡಿಯನ್ನೂ ಒಂದು ಕೀಲಿಯಲ್ಲಿ ಸರಿಮಾಡುತ್ತಾರೆ. ರಕ್ಷಾ ಉಸಿರು ಬಿಡುತ್ತಾರೆ. ಕಲ್ಲಮ್ಮ ಬಿಡುವುದಿಲ್ಲ. ಐದನೇ ಅಧ್ಯಾಯದ ಒಂದು ಸಾಲಿನ ಮೇಲೆ ಅವರ ಬೆರಳು ನಿಂತಿದೆ: 'ನೋಡಿ, ಪುಟ 187'.

"ಇದ್ಯಾವಾಗ ಬಂತು?"

"ಹೋದ ವಾರ, ಆಂಟಿ. ಹಿಂದಿನ ಮಾತು ಎಲ್ಲಿದೆ ಅಂತ ಓದೋರಿಗೆ ತೋರಿಸ್ಬೇಕು ಅಂದ್ರು ಗೈಡ್. ನಾನೇ ಹೊಡೆದೆ."

ಕೈಯಾರೆ ಹೊಡೆದ ಅಂಕಿ. ಹನ್ನೊಂದು ಪುಟ ಜಾಗ ಬಿಟ್ಟು ಹೋದ ಮೇಲೂ 187 ಎಂದೇ ಕೂತಿದೆ. 'ನೋಡಿ' ಎಂದು ಹುಡುಕಿದರೆ ಪ್ರಬಂಧದಲ್ಲಿ ಅಂಥವು ಅರವತ್ತನಾಲ್ಕು. ಎಲ್ಲದರಿಂದಲೂ ಹನ್ನೊಂದು ಕಳೆಯುವಂತಿಲ್ಲ, ಏಕೆಂದರೆ ಕೋಷ್ಟಕಕ್ಕಿಂತ ಹಿಂದಿನ ಪುಟಗಳು ಕದಲಿಲ್ಲ. ಒಂದೊಂದನ್ನೂ ಬಿಚ್ಚಿ, ಅದು ತೋರಿಸುವ ಜಾಗ ಹುಡುಕಿ, ಅಂಕಿ ತಾನಾಗಿ ಬರುವಂತೆ ಕೊಂಡಿ ಹಾಕಬೇಕು. ಬೈಂಡಿಂಗಿಗೆ ಎರಡು ಗಂಟೆ ಬೇಕು, ಅಲ್ಲಿಂದ ವಿಶ್ವವಿದ್ಯಾಲಯಕ್ಕೆ ಹೋಗಬೇಕು. ಅಂದರೆ ಮಧ್ಯಾಹ್ನ ಒಂದರೊಳಗೆ ಪ್ರಿಂಟ್ ಹೊರಡಬೇಕು.

"ಹಾಗೇ ಇರ್ಲಿ ಬಿಡಿ ಆಂಟಿ. ಪರಿವಿಡಿ ಸರಿ ಇದ್ಯಲ್ಲ. ಒಳಗಿರೋದನ್ನ ಯಾರು ನೋಡ್ತಾರೆ?"

ಕಲ್ಲಮ್ಮ ಕುರ್ಚಿ ತಿರುಗಿಸುತ್ತಾರೆ. "ನಿಮ್ಮಪ್ಪಂಗೂ ಒಬ್ಬಳು ಇದೇ ಮಾತು ಹೇಳಿದ್ಲು. ಆಮೇಲೆ ಏನಾಯ್ತು ಗೊತ್ತಲ್ಲ? ಕೂತ್ಕೋ. ನೀನು ಓದ್ತಾ ಹೋಗು, ನಾನು ಕಟ್ತಾ ಹೋಗ್ತೀನಿ."

ಒಂಬತ್ತಕ್ಕೆ ಅವರು ಶಟರನ್ನು ಅರ್ಧ ಎಳೆಯುತ್ತಾರೆ. ಅರ್ಜಿಯವರು ಬಗ್ಗಿ ಇಣುಕಿದರೆ "ನಾಳೆ ಬನ್ನಿ" ಎನ್ನುವ ಕೆಲಸ ನನಗೆ ಬಿತ್ತು. ಹನ್ನೊಂದಕ್ಕೆ ನಲವತ್ತು ಮುಗಿದಿದ್ದವು. ಯಾರೂ ತಿಂಡಿಯ ಸುದ್ದಿ ಎತ್ತಲಿಲ್ಲ. ಬಲಗೈ ಸೋತಾಗ ಕಲ್ಲಮ್ಮ ಮೌಸನ್ನು ಎಡಗೈಗೆ ದಾಟಿಸಿದರು. ಹನ್ನೆರಡಕ್ಕೆ ಐದು ನಿಮಿಷ ಇರುವಾಗ ಅರವತ್ತನಾಲ್ಕನೆಯದಕ್ಕೆ ಕೊಂಡಿ ಬಿತ್ತು. ಕರಡು ಪ್ರತಿ ಪ್ರಿಂಟಾಗಿ ಹೊರಬರುವಾಗಲೇ ಅರ್ಧ ಶಟರಿನ ಕೆಳಗೆ ಬಗ್ಗಿ ಒಬ್ಬರು ಒಳಗೆ ಬಂದರು. ಬಿಳಿ ಪಂಚೆ, ಕೈಯಲ್ಲಿ ಕೊಡೆ. ಚೌಡಪ್ಪ ಮೇಷ್ಟ್ರು.

ಮಗಳನ್ನು ಇಲ್ಲಿಗೇ ಏಕೆ ಕಳಿಸಿದಿರೆಂದು ನಾನು ಕೇಳಿಯೇಬಿಟ್ಟೆ. ಅವರು ನಕ್ಕರು. "ಹಾಲಲ್ಲಿ ಬಾಯಿ ಸುಟ್ಕೊಂಡೋರು ಮಜ್ಜಿಗೆನೂ ಊದಿ ಕುಡೀತಾರೆ. ಇಷ್ಟು ಹುಷಾರಾಗಿ ಮಾಡೋರು ಇನ್ನೊಬ್ರು ಎಲ್ಲಿ ಸಿಗ್ತಾರೆ ಹೇಳಿ."

ಕಲ್ಲಮ್ಮ ಪರಿವಿಡಿಯ ಹಾಳೆಗಳನ್ನು ರಕ್ಷಾಗೆ ಕೊಡಲಿಲ್ಲ. ಮೇಷ್ಟ್ರ ಮುಂದೆ ಹಿಡಿದರು. "ನೀವೇ ಓದಿ ಮೇಷ್ಟ್ರೇ."

ಮೇಷ್ಟ್ರು ಕನ್ನಡಕ ಹಾಕಿ, ತರಗತಿಯಲ್ಲಿ ನಿಂತ ಹಾಗೆಯೇ ನಿಂತು ಓದತೊಡಗಿದರು. ಒಂದೊಂದು ಸಾಲಿಗೂ ಕಲ್ಲಮ್ಮ ಪುಟ ತೆಗೆದು "ಇದೆ" ಎನ್ನುತ್ತಿದ್ದರು. "ಅಧ್ಯಾಯ ನಾಲ್ಕು" ಎಂದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡರು. "ಪುಟ ನೂರ ನಲವತ್ತಾರು." ಕಲ್ಲಮ್ಮ ಪುಟ ತೆಗೆದು ಅವರತ್ತ ತಿರುಗಿಸಿದರು. ಮೇಷ್ಟ್ರೇ ಬಗ್ಗಿ ನೋಡಿ, "ಇದೆ ಕಲ್ಲಮ್ಮ, ಇದೆ" ಎಂದರು. ರಕ್ಷಾ ದುಪ್ಪಟ್ಟಾದಲ್ಲಿ ಕಣ್ಣೊರೆಸಿಕೊಂಡರು.

ಒಂದಕ್ಕೆ ಹತ್ತು ನಿಮಿಷ ಇರುವಾಗ ಐದು ಪ್ರತಿ ಗಾಂಧಿ ಬಜಾರಿನ ಬೈಂಡಿಂಗ್ ಅಂಗಡಿಗೆ ಹೊರಟವು. ನಾಲ್ಕು ಇಪ್ಪತ್ತೈದಕ್ಕೆ ರಕ್ಷಾ ಫೋನ್ ಮಾಡಿ, ಕಚೇರಿಯವರು ಪ್ರಬಂಧ ತೆಗೆದುಕೊಂಡರೆಂದು ತಿಳಿಸಿದರು. ಕಲ್ಲಮ್ಮ "ಹ್ಞೂಂ, ಸರಿ, ಊಟ ಮಾಡು" ಎಂದಷ್ಟೇ ಹೇಳಿ ಶಟರ್ ಪೂರ್ತಿ ಎತ್ತಿದರು.

ಹೊರಡುವ ಮುಂಚೆ, ಇನ್ನೇನಾದರೂ ಆಸೆ ಇದೆಯೇ ಎಂದು ಕೇಳಿದೆ. ಅವರು ಕಪಾಟಿನಿಂದ ಕಪ್ಪು ರಟ್ಟಿನ ಹಳೆಯ ಪ್ರತಿಯೊಂದನ್ನು ತೆಗೆದರು. ಮೇಷ್ಟ್ರು 2004ರಲ್ಲಿ ಬಿಟ್ಟುಹೋದದ್ದು.

"ಭಾನುವಾರ ಭಾನುವಾರ ಇದನ್ನ ಮೊದಲಿಂದ ಟೈಪ್ ಮಾಡ್ತಿದ್ದೀನಿ. ಅವರಿಗೆ ಗೊತ್ತಿಲ್ಲ. ಮಾಡಿದ್ರೆ ಪದವಿ ಬರಲ್ಲ, ನಂಗೂ ಗೊತ್ತು. ಆದ್ರೆ ನಾಲ್ಕನೇ ಅಧ್ಯಾಯ ನೂರ ಇಪ್ಪತ್ತೈದನೇ ಪುಟದಲ್ಲಿದೆ ಅಂತ ಇದರ ಪರಿವಿಡೀಲಿ ಇರ್ಬೇಕು. ಮೇಷ್ಟ್ರು ಅದನ್ನ ನಿಂತು ಓದ್ಬೇಕು. ಅಷ್ಟೇ."