ಆಟಿಯಲ್ಲಿ ಬಂದು ಹೋದ ನಾವು

ದೆವ್ವ, ಪ್ರೇತ, ಪವಾಡ ಎಂದರೆ ನನಗೆ ಮೊದಲಿನಿಂದಲೂ ನಗು. ನಾನು ಬಿ.ಸಿ. ರೋಡಿನ ಒಂದು ಲ್ಯಾಬಿನಲ್ಲಿ ರಕ್ತಪರೀಕ್ಷೆ ಮಾಡುವವಳು. ಕಣ್ಣಿಗೆ ಕಾಣದ್ದನ್ನೂ ಗಾಜಿನ ಕೆಳಗಿಟ್ಟು ನೋಡಿದ ಮೇಲೆಯೇ ಹೌದು ಎನ್ನುವ ಕೆಲಸ ನಮ್ಮದು. ಜೊತೆಗಿರುವ ಪ್ರೇಮಕ್ಕ ಮಧ್ಯಾಹ್ನ ಬುತ್ತಿ ಬಿಚ್ಚಿದರೆ ಸಾಕು, ಯಾರಿಗೋ ಎಲ್ಲೋ ಏನೋ ಕಂಡ ಕತೆ ಶುರು. "ಅದರದ್ದೊಂದು ಸ್ಯಾಂಪಲ್ ತನ್ನಿ ಪ್ರೇಮಕ್ಕ, ಪರೀಕ್ಷೆ ಮಾಡುವ" ಎಂದು ಕಾಲೆಳೆಯುತ್ತಿದ್ದೆ. ಈಗ ಅವರು ಕತೆ ಹೇಳುವಾಗ ಸುಮ್ಮನೆ ಊಟ ಮಾಡುತ್ತೇನೆ. ಯಾಕೆಂದು ಅವರಿಗೆ ಹೇಳಿಲ್ಲ, ನಿಮಗೆ ಹೇಳುತ್ತೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಇದು ನಮ್ಮ ಮದುವೆಯಾದ ವರ್ಷದ ಮಾತು. ಮೇ ತಿಂಗಳಲ್ಲಿ ಮದುವೆ, ಮಳೆ ಹಿಡಿಯುವ ಮೊದಲೇ ಇವರು, ಅಂದರೆ ನನ್ನ ಗಂಡ, ಮಸ್ಕತ್ತಿಗೆ ವಾಪಸ್. ಒಟ್ಟಿಗೆ ಇದ್ದ ದಿನಗಳೆಲ್ಲ ನೆಂಟರ ಮನೆಯ ಔತಣದಲ್ಲೇ ಕಳೆದುಹೋಗಿದ್ದವು. ದೀಪಾವಳಿ ಕಳೆದ ಮೇಲೆ ನನ್ನ ಹುಟ್ಟುಹಬ್ಬ. ಅದಕ್ಕೆಂದೇ ಕಂಪನಿಯವರ ಕಾಲುಹಿಡಿದು ಸಣ್ಣದೊಂದು ರಜೆಯಲ್ಲಿ ಬಂದರು. ಬಂದ ಮೇಲೂ ಚಿಕ್ಕಮ್ಮನ ಮನೆಯ ಪೂಜೆ, ಗೆಳೆಯನ ಹೊಸ ಮನೆಯ ಒಕ್ಕಲು, ಹೀಗೆ ಎಲ್ಲರೂ ಒಂದೊಂದು ದಿನ ಕಿತ್ತುಕೊಂಡರು. ನಮ್ಮದೆಂದು ಉಳಿದದ್ದು ಹುಟ್ಟುಹಬ್ಬದ ದಿನ ಮಾತ್ರ. ಆ ದಿನ ಇಬ್ಬರೇ ಮಂಗಳೂರಿಗೆ ಹೋಗುವುದೆಂದು ನಿಶ್ಚಯವಾಯಿತು. ಅದೊಂದು ದಿನ ಹಾಳಾಗದಿರಲಿ ಎಂದು ನಾನು ದೇವರಿಗೆ ಹೇಳಿಕೊಂಡದ್ದೂ ಉಂಟು.

ಬೆಳಿಗ್ಗೆ ಕೋಳಿ ಕೂಗುವ ಮೊದಲೇ ನಾನು ಮಿಂದು ತಯಾರು. ಪಾಣೆಮಂಗಳೂರಿನ ನಮ್ಮ ಮನೆಯಿಂದ ಹೊರಡುವಾಗ ಅತ್ತೆ, "ಇಷ್ಟು ಬೇಗ ಹೋದರೆ ಮಂಗಳೂರಿನ ಬಾಗಿಲು ನೀವೇ ತೆಗೆಯಬೇಕಾದೀತು" ಎಂದರು. ಬಸ್ಸಿನಲ್ಲಿ ಕಿಟಕಿಯ ಬದಿಯ ಸೀಟು ನನಗೆ. ಮಂಗಳೂರು ನನಗೆ ಹೊಸತಲ್ಲ, ಪರೀಕ್ಷೆಗೆ, ಆಸ್ಪತ್ರೆಗೆ ಎಷ್ಟೋ ಸಲ ಹೋಗಿದ್ದೆ. ಆದರೆ ಕೆಲಸವಿಲ್ಲದೆ, ಬೇಕಾದ ಕಡೆ ಬೇಕಾದಷ್ಟು ಹೊತ್ತು ನಿಲ್ಲುವ ಮಂಗಳೂರು ಬೇರೆಯೇ. ಮಾಲಿನ ಚಲಿಸುವ ಮೆಟ್ಟಿಲಲ್ಲಿ ಸುಮ್ಮಸುಮ್ಮನೆ ಹತ್ತಿ ಇಳಿದೆವು. ಬಿಸಿಲೇರಿದಾಗ ಗಡ್‌ಬಡ್ ತಿನ್ನಲು ಹಂಪನಕಟ್ಟೆಯ ಹತ್ತಿರದ ಐಸ್‌ಕ್ರೀಂ ಅಂಗಡಿಗೆ ಹೋದರೆ, ಅಲ್ಲಿನವನು ಇವರನ್ನು ನೋಡಿ ನಕ್ಕು, "ಬನ್ನಿ ಸರ್, ನಿಮ್ಮ ಅದೇ ಟೇಬಲ್ ಖಾಲಿ ಉಂಟು" ಎಂದ. ವ್ಯಾಪಾರದ ಮಾತು ಎಂದು ನಾವು ತಲೆಕೆಡಿಸಿಕೊಳ್ಳಲಿಲ್ಲ.

ಆಮೇಲೆ ಬಳೆ. ಮಾರುಕಟ್ಟೆಯ ಒಳಗಿನ ಓಣಿಯಲ್ಲಿ ಕಂಡ ಒಂದು ಸಣ್ಣ ಅಂಗಡಿಗೆ ಹೊಕ್ಕೆವು. ಕೂತಿದ್ದವರು ವಯಸ್ಸಾದ ಹೆಂಗಸು. ನಾನು ಇನ್ನೂ ಬಾಯಿ ಬಿಟ್ಟಿಲ್ಲ, ಉದ್ದ ತೋಳಿನ ಚೂಡಿದಾರ ಬೇರೆ, ಕೈ ಅವರಿಗೆ ಕಂಡೇ ಇಲ್ಲ. ಅವರು ಎರಡು ಬೇರೆ ಬೇರೆ ಅಳತೆಯ ಬಳೆ ತೆಗೆದಿಟ್ಟು, "ಎಡಗೈಗೆ ದೊಡ್ಡದೇ ಬೇಕಲ್ಲ ಮಗ ನಿನಗೆ" ಎಂದರು. ಸಣ್ಣವಳಿರುವಾಗ ಪೇರಳೆ ಮರದಿಂದ ಬಿದ್ದು ನನ್ನ ಎಡಗೈಯ ಎಲುಬು ಮುರಿದಿತ್ತು. ನಾಟಿ ವೈದ್ಯರು ಕಟ್ಟಿದ ಮೇಲೆ ಸೇರಿಕೊಂಡಿತು, ಆದರೆ ಹೆಬ್ಬೆರಳಿನ ಬುಡ ಅಗಲವಾಗಿಯೇ ಉಳಿಯಿತು. ಬಲಗೈಯ ಬಳೆ ಎಡಗೈಗೆ ಹೋಗುವುದಿಲ್ಲ. ಅದು ಮನೆಯವರಿಗಲ್ಲದೆ ಹೊರಗೆ ಯಾರಿಗೂ ಗೊತ್ತಿರಲಿಲ್ಲ.

"ನಿಮಗೆ ಹೇಗೆ ಗೊತ್ತು?" ಎಂದು ಕೇಳಿದೆ.

"ನಾನೇ ಅಲ್ಲವಾ ನಿನಗೆ ಬಳೆ ಇಟ್ಟದ್ದು? ಆಟಿಯಲ್ಲಿ ಬಂದಿದ್ದಿರಲ್ಲ ಇಬ್ಬರೂ. ಹೊಸ ಮದುಮಕ್ಕಳು ಆಟಿಯಲ್ಲಿ ಒಟ್ಟಿಗೆ ತಿರುಗುವುದಾ ಅಂತ ನಾನು ಬೈದೆ, ನೀನು ನಗಾಡಿದ್ದಿ. ಹಾಗಾಗಿ ನೆನಪುಂಟು. ಆ ಹಸಿರು ಬಳೆ ಎಲ್ಲ ಒಡೆಯಿತಾ?"

ನಮ್ಮ ಕಡೆ ಮದುವೆಯಾದ ಮೊದಲ ಆಟಿ ತಿಂಗಳು, ಮಳೆ ಜೋರಾಗಿರುವ ಕಾಲದಲ್ಲಿ, ಹುಡುಗಿ ತವರಲ್ಲಿ ಕೂರಬೇಕು. ಗಂಡನ ಜೊತೆ ಇರುವ ಹಾಗಿಲ್ಲ. ಗಂಡ ಸಮುದ್ರದ ಆಚೆ ಇದ್ದರೂ ನನ್ನನ್ನು ಕೊಕ್ಕಡದ ತವರಿಗೆ ಕಳುಹಿಸಿಯೇ ಬಿಟ್ಟಿದ್ದರು. ಅಲ್ಲಿ ಜ್ವರ ಬಂದು ಮಲಗಿದ ನಾನು ಹೊಸ್ತಿಲು ದಾಟಿದ್ದೇ ಕಡಿಮೆ.

ನಿಜ ಹೇಳುತ್ತೇನೆ, ನನಗೆ ಮೊದಲು ಬಂದದ್ದು ಹೆದರಿಕೆಯಲ್ಲ, ಸಂಶಯ. ಇವರು ಕದ್ದುಮುಚ್ಚಿ ಊರಿಗೆ ಬಂದು ಯಾರನ್ನೋ ಕರೆದುಕೊಂಡು ತಿರುಗಿದ್ದಾರಾ? ಕಾದು ಕಾದು ಸಿಕ್ಕಿದ ಒಂದು ದಿನ, ಅದನ್ನೂ ಇನ್ನೊಬ್ಬಳು ನನಗಿಂತ ಮೊದಲು ಅನುಭವಿಸಿ ಹೋದಳಾ? ಆದರೆ ಬಳೆ ನೋಡಿದರೆ ನನ್ನ ಕೈಯದ್ದೇ ಅಳತೆ. ಜಗಳವಾಡಲಿಕ್ಕೂ ಅವಳು ನಾನೇ.

ಬಳೆ ಇಡಿಸಿಕೊಂಡು ಹೊರಗೆ ಬಂದ ಮೇಲೂ ನನ್ನ ಮುಖ ಬಿಗಿದೇ ಇತ್ತು. "ಎಂತ, ನನ್ನ ಮೇಲೆ ಸಂಶಯವಾ?" ಎಂದು ಇವರು ಕೇಳಿದರು. "ಯಾರನ್ನು ಕರ್ಕೊಂಡು ಬರ್ಲಿ ಮಾರಾಯ್ತಿ? ಆಟಿಯಲ್ಲಿ ನಾನು ಅಲ್ಲಿ ಬಿಸಿಲಲ್ಲಿ ಬೇಯ್ತಾ ಇದ್ದೆ. ದಿನಾ ರಾತ್ರಿ ನಿನ್ನ ಹತ್ತಿರವೇ ಮಾತಾಡ್ತಾ ಇದ್ದೆ."

ಹಾಗೆಂದವರು ನಡುದಾರಿಯಲ್ಲೇ ನಿಂತುಬಿಟ್ಟರು. ಇಬ್ಬರಿಗೂ ಒಟ್ಟಿಗೇ ನೆನಪಾಗಿತ್ತು. ಆ ತಿಂಗಳು ಫೋನಿನಲ್ಲಿ ನಾವು ಮಾತಾಡುತ್ತಿದ್ದದ್ದು ಇದನ್ನೇ. ರಜೆ ಸಿಕ್ಕಿದರೆ ಮಂಗಳೂರಿಗೆ ಹೋಗುವ, ಗಡ್‌ಬಡ್ ತಿನ್ನುವ, ಬಳೆ ಇಡಿಸುವ. ನನಗೆ ಕೆಂಪು ಬೇಕು, ಇವರಿಗೆ ಹಸಿರು ಇಷ್ಟ. ಒಂದು ರಾತ್ರಿ ಜ್ವರದಲ್ಲಿಯೇ ಜಗಳ ಮಾಡಿ ಕಡೆಗೆ "ಆಯಿತು, ಹಸಿರೇ ಇರಲಿ" ಎಂದು ನಾನು ಸೋತಿದ್ದೆ.

ನಾನು ಕೈಯ ಬಳೆಗಳನ್ನೇ ತಿರುಗಿಸಿ ತಿರುಗಿಸಿ ನೋಡಿದೆ. ಇವರಿಗೋ ಲಾಟರಿ ಹೊಡೆದಷ್ಟು ಖುಷಿ. "ಹಾಗಾದ್ರೆ ನಾವು ಬಂದಿದ್ದೇವೆ, ನಮಗೆ ಗೊತ್ತಾಗ್ಲಿಲ್ಲ ಅಷ್ಟೆ. ಬಾ, ಆವತ್ತು ಬಿಟ್ಟದ್ದನ್ನು ಇವತ್ತು ನೋಡುವ" ಎಂದು ನನ್ನ ಕೈ ಹಿಡಿದು ಎಳೆದುಕೊಂಡೇ ಹೋದರು. ಬಂದರಿನಿಂದ ದೋಣಿ ಹತ್ತಿ ಹೊಳೆಯಾಚೆಯ ಬೆಂಗ್ರೆಗೆ ಹೋದೆವು. ಗಾಳಿಗೆ ನನ್ನ ಶಾಲು ಯಾರದೋ ಮೀನಿನ ಬುಟ್ಟಿಯ ಮೇಲೆ ಹಾರಿ ಕೂತಿತು. ಆ ಸಂಜೆ ನಕ್ಕಷ್ಟು ನಾನು ಜೀವಮಾನದಲ್ಲಿ ನಕ್ಕಿರಲಿಕ್ಕಿಲ್ಲ. ಅದೇ ವಾರ ಇವರು ವಿಮಾನ ಹತ್ತಿದರು.

ಜ್ವರದ ಭ್ರಮೆ ಎನ್ನಲಿಕ್ಕೆ ಜ್ವರ ಬಂದದ್ದು ನನಗೆ, ನೋಡಿದವರು ಬಳೆಯವರು. ಬೇರೆ ಯಾರನ್ನೋ ನೋಡಿ ನಾನೆಂದುಕೊಂಡರು ಎನ್ನೋಣವೆಂದರೆ ಆ ಕೈ ಅಡ್ಡ ಬರುತ್ತದೆ. ನನ್ನ ಬುದ್ಧಿ ಇದಕ್ಕಿಂತ ಮುಂದೆ ಓಡುವುದಿಲ್ಲ.

ಇವರು ಈಗಲೂ ಅಲ್ಲಿಯೇ ಇದ್ದಾರೆ, ಬರುವುದು ಅಪರೂಪ. ತುಂಬ ಬೇಸರವಾದಾಗ ನಾನು ಒಬ್ಬಳೇ ಬಸ್ಸು ಹತ್ತಿ ಆ ಬಳೆಯಂಗಡಿಗೆ ಹೋಗಿ ಕೂರುತ್ತೇನೆ. "ಆಟಿಯಲ್ಲಿ ನಾವು ಬಂದಾಗ ಏನೇನಾಯಿತು, ಹೇಳಿ" ಎನ್ನುತ್ತೇನೆ. ಅವರು ಬೇಸರಿಸದೆ ಹೇಳುತ್ತಾರೆ. ಜೋರು ಮಳೆಯಂತೆ, ಇಬ್ಬರಿಗೂ ಒಂದೇ ಕೊಡೆಯಂತೆ, ನಾನು ನೆನೆಯದ ಹಾಗೆ ಇವರು ಅರ್ಧ ಒದ್ದೆಯಾಗಿ ನಿಂತಿದ್ದರಂತೆ. ನನ್ನ ಗಂಡನ ಜೊತೆ ನಾನು ಕಳೆದ ಒಂದು ಇಡೀ ದಿನವನ್ನು ಹೀಗೆ ಬೇರೆಯವರಿಂದ ಕೇಳಿ ತಿಳಿದುಕೊಳ್ಳುತ್ತಿದ್ದೇನೆ.