ಖಾಲಿ ಹೋಗದ ಗಿಂಡಿ

ನನ್ನ ಚಿಕ್ಕಪ್ಪನ ಮಗಳು ಬಸವರಾಜೇಶ್ವರಿಯನ್ನು ಅಂಗಡಿಗೆ ಕಳಿಸಿದರೆ ಸಾಮಾನು ಬರುತ್ತದೆಂಬ ನಂಬಿಕೆ ಯಾರಿಗೂ ಇರಲಿಲ್ಲ. ದಾರಿಯಲ್ಲಿ ಯಾರದೋ ಬಾಗಿಲಿನ ಹಳೆಯ ಚಿಲಕ ಕಂಡರೆ ಸಾಕು, ಅದರ ಮುಂದೆ ನಿಂತುಬಿಡುತ್ತಿದ್ದಳು. ಈ ಚಿಲಕ ಎಷ್ಟು ಕೈಗಳನ್ನು ಕಂಡಿರಬಹುದು ಎಂದು ಯೋಚಿಸುತ್ತಾ ನಿಂತವಳಿಗೆ, ಮನೆಯವರು ಹೊರಗೆ ಬಂದು ಯಾರು ಬೇಕಮ್ಮ ಎಂದರೂ ಎಚ್ಚರವಾಗುತ್ತಿರಲಿಲ್ಲ. ನನಗಂತೂ ಮೈಯೆಲ್ಲ ಉರಿಯುತ್ತಿತ್ತು. ಆದರೂ ಅವಳ ಜೊತೆ ಹೋಗುವುದನ್ನು ನಾನು ಬಿಡಲಿಲ್ಲ.

ಅವಳು ಬೆಳೆದದ್ದು ಭದ್ರಾವತಿಯಲ್ಲಿ. ಚಿಕ್ಕಪ್ಪ ಮುರುಗೇಶಪ್ಪ ಅಲ್ಲಿ ಕಬ್ಬಿಣದ ಕಾರ್ಖಾನೆಯ ಗುಮಾಸ್ತ. ಸಂಜೆಯಾದರೆ ಕುಲುಮೆಯ ಬೆಳಕಿಗೆ ಆಕಾಶದ ಅಂಚು ಕೆಂಪಾಗುತ್ತಿತ್ತು. ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕುಳಿತು ಅದನ್ನೇ ನೋಡುತ್ತಾ ಅವಳು ಊಟ ಮರೆಯುತ್ತಿದ್ದಳು. ಈ ಕಬ್ಬಿಣ ಮೊದಲು ಏನಾಗಿತ್ತು ಎಂದು ಒಮ್ಮೆ ರಜೆಗೆ ಹೋಗಿದ್ದ ನನ್ನನ್ನು ಕೇಳಿದಳು. ಕಲ್ಲಾಗಿತ್ತು, ಏಳು, ಸಾರು ಆರ್ತಿದೆ ಎಂದೆ.

ಮೈಸೂರಿನಲ್ಲಿ ಬಿ.ಎ. ಮುಗಿಸಿ, ಐವತ್ತೊಂಬತ್ತನೇ ಇಸವಿಯಲ್ಲಿ, ಬರೋಡಾಕ್ಕೆ ಹೋಗಿ ಮ್ಯೂಸಿಯಂ ನಡೆಸುವ ವಿದ್ಯೆಯಲ್ಲಿ ಸ್ನಾತಕೋತ್ತರ ಪದವಿ ಓದುತ್ತೇನೆಂದಳು. ಹಳೇ ಪಾತ್ರೆ ಕಾಯುವುದಕ್ಕೂ ಡಿಗ್ರಿಯೇ ಎಂದು ನೆಂಟರು ನಕ್ಕರು. ಚಿಕ್ಕಪ್ಪ ನಗಲಿಲ್ಲ. ಒಂದೇ ಸಲ ಎಂದರು. ಫೇಲಾದರೆ ಮತ್ತೆ ಬರೋಡಾದ ಹೆಸರೆತ್ತದೆ ಆಯನೂರಿನ ಸಂಬಂಧಕ್ಕೆ ಒಪ್ಪಿಕೊಳ್ಳಬೇಕು. ಅವಳು ಹೂಂ ಎಂದಳು. ಆಯನೂರಿನ ಹುಡುಗನ ಹೆಸರನ್ನೂ ಅವಳು ಕಿವಿಗೆ ಹಾಕಿಕೊಂಡಿರಲಿಲ್ಲ ಎಂದು ನನ್ನ ಗುಮಾನಿ.

ಕೊನೆಯ ವರ್ಷ ಪ್ರತಿಯೊಬ್ಬರೂ ತಮ್ಮ ಊರಿನದೊಂದು ವಸ್ತುವನ್ನು ತಂದು, ಅದರ ಬಾಳನ್ನು ಬರೆದು, ಪ್ರದರ್ಶನಕ್ಕೆ ಇಡಬೇಕಿತ್ತು. ಪಾಸು ಫೇಲು ಅದರ ಮೇಲೆಯೇ ನಿಂತಿತ್ತು. ಅವಳಿಗೆ ಆ ವಸ್ತು ಸಿಕ್ಕಿದ್ದು ಶಿವಮೊಗ್ಗದ ನಮ್ಮ ಮನೆಯಲ್ಲಿ. ಬಚ್ಚಲಿಗೆ ಪಾಯ ತೋಡುವಾಗ ಹಿತ್ತಲಲ್ಲಿ ಒಂದು ಕಂಚಿನ ಗಿಂಡಿ ಎದ್ದಿತ್ತು. ಯಾರು ಮುಟ್ಟಿದ್ದೋ ಎಂದು ಅಜ್ಜಿ ಶಂಕರಮ್ಮ ಅದನ್ನು ಒಳಗೆ ತರಿಸದೆ ಸೌದೆ ಕೊಟ್ಟಿಗೆಯಲ್ಲಿ ಇಡಿಸಿದ್ದರು. ರಜೆಗೆ ಬಂದ ರಾಜೇಶ್ವರಿ ಮೈತುಂಬ ಹಸಿರು ಕಿಲುಬು ಹಿಡಿದಿದ್ದ ಆ ಗಿಂಡಿಯ ಒಳಗೆ ಇಣುಕಿದಳು. ತಳದ ಮಣ್ಣಿನಲ್ಲಿ ಎಂಥವೋ ಕಾಳುಗಳ ಸಿಪ್ಪೆ ಅಂಟಿಕೊಂಡಿತ್ತು. ಯಾರೋ ಏನನ್ನೋ ತುಂಬಿಟ್ಟು ಮತ್ತೆ ಬರಲೇ ಇಲ್ಲ ನೋಡು ಎಂದು ಪಿಸುಗುಟ್ಟಿದಳು. ಆ ಮಣ್ಣು, ಆ ಕಿಲುಬು, ಆ ಸಿಪ್ಪೆ, ಅವಳ ಪದವಿಯೆಲ್ಲ ಅದರಲ್ಲೇ ಇತ್ತು. ಯಾರೂ ಮುಟ್ಟಬೇಡಿ ಎಂದು ಎಲ್ಲರಿಗೂ ಹೇಳಿದಳು. ಅಜ್ಜಿಯೂ ತಲೆಯಾಡಿಸಿದರು.

ಅಜ್ಜಿಯ ಒಂದು ಪದ್ಧತಿ ಇಲ್ಲಿ ಹೇಳಬೇಕು. ಎದುರು ಮನೆಯ ಕರೀಮಾಬಿಗೂ ಅವರಿಗೂ ನಡುವೆ ಒಂದು ಹಿತ್ತಾಳೆ ಬಟ್ಟಲು ವರ್ಷಗಟ್ಟಲೆ ಓಡಾಡುತ್ತಿತ್ತು. ಒಬ್ಬರು ನಿಂಬೆಹಣ್ಣು ಹಾಕಿ ಕಳಿಸಿದರೆ ಇನ್ನೊಬ್ಬರು ತೊಳೆದು ಬೆಲ್ಲ ಹಾಕಿ ಕಳಿಸಬೇಕು. ಅದು ಯಾರ ಮನೆಯ ಬಟ್ಟಲೆಂಬುದು ಇಬ್ಬರಿಗೂ ಮರೆತೇ ಹೋಗಿತ್ತು. ಕೊಳೆ ಪಾತ್ರೆಯಾಗಲಿ ಖಾಲಿ ಪಾತ್ರೆಯಾಗಲಿ ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಹೋಗಬಾರದು.

ರಾಜೇಶ್ವರಿ ಹೊರಡುವ ದಿನ ಭದ್ರಾವತಿಯ ಫೋಟೋಗ್ರಾಫರ್ ಲತೀಫ್ ಗಿಂಡಿಯ ಚಿತ್ರ ತೆಗೆಯಲು ಬೆಳಗಿನ ರೈಲಿಗೆ ಬಂದರು. ಅವಳು ಕೊಟ್ಟಿಗೆಗೆ ಹೋದಳು, ಬರಿಗೈಯಲ್ಲಿ ಬಂದಳು. ಗಿಂಡಿ ನಡುಮನೆಯಲ್ಲಿ ಮಣೆಯ ಮೇಲೆ ಕುಳಿತಿತ್ತು. ಹುಣಸೆಹಣ್ಣು, ಬೂದಿ ಹಾಕಿ ಉಜ್ಜಿದ್ದಕ್ಕೆ ಮದುವಣಗಿತ್ತಿಯ ಹಾಗೆ ಹೊಳೆಯುತ್ತಿತ್ತು. ಕುತ್ತಿಗೆಯವರೆಗೆ ಸಕ್ಕರೆ ತುಂಬಿತ್ತು.

ನನಗೆ ಅಜ್ಜಿಯ ಮೇಲೆ ಎಲ್ಲಿಲ್ಲದ ಸಿಟ್ಟು ಬಂತು. ರಾಜೇಶ್ವರಿ ಮಾತ್ರ ಕೂಗಾಡಲಿಲ್ಲ. ತೊಳೆದ ನೀರನ್ನು ಎಲ್ಲಿ ಚೆಲ್ಲಿದೆ ಎಂದಷ್ಟೇ ಕೇಳಿ, ಕರಿಬೇವಿನ ಗಿಡದ ಬುಡಕ್ಕೆ ಹೋಗಿ ಕುಕ್ಕರಗಾಲಲ್ಲಿ ಕುಳಿತಳು. ಒದ್ದೆ ಮಣ್ಣನ್ನು ನೋಡುತ್ತಾ ಅಳುತ್ತಿದ್ದಳು. ಎಲ್ಲ ಮುಗಿಯಿತು ಎಂದು ನನಗೂ ಅಳು ಬಂತು.

ಅಜ್ಜಿಗೆ ತಲೆಬುಡ ತಿಳಿಯಲಿಲ್ಲ. "ಮಣ್ಣು ಬೇಕಿದ್ರೆ ಹಿತ್ತಲಲ್ಲಿ ಬೇಕಾದಷ್ಟಿದೆ ಮಾರಾಯ್ತಿ, ತುಂಬ್ಕೊಂಡು ಹೋಗು," ಎಂದರು. "ನಾಲ್ಕು ಜನ ನೋಡೋ ಕಡೆಗೆ ಕೊಳೆ ಪಾತ್ರೆ ಕಳಿಸಿದ್ರೆ ಈ ಮನೇಲಿ ಹೆಂಗಸರೇ ಇಲ್ಲ ಅನ್ಕೊಳಲ್ವಾ?"

ಅವಳು ತಲೆಯೆತ್ತಿ ಅಜ್ಜಿಯ ಕೈಗಳನ್ನು ನೋಡಿದಳು. ಹುಣಸೆಯ ಹುಳಿಗೆ ಬೆರಳ ತುದಿಗಳು ಬೆಳ್ಳಗೆ ಸುಕ್ಕಾಗಿದ್ದವು. ಚಿಲಕಗಳನ್ನು ನೋಡುತ್ತಿದ್ದಳಲ್ಲ, ಹಾಗೆಯೇ ಬಹಳ ಹೊತ್ತು ನೋಡಿದಳು. ಆಮೇಲೆ ಕಣ್ಣೊರೆಸಿಕೊಂಡು ಲತೀಫ್ ಅವರ ಕಡೆ ತಿರುಗಿದಳು. ಗಿಂಡಿಯನ್ನು ಅಜ್ಜಿಯ ಕೈಗೇ ಕೊಟ್ಟು ಚಿತ್ರ ತೆಗೆಸಿಕೊಂಡಳು.

ಬೇರೆ ವಸ್ತು ಹುಡುಕು, ಇಲ್ಲವೇ ಮೊದಲಿನಿಂದಲೂ ಹೀಗೇ ಇತ್ತು ಎಂದು ಬರೆದುಬಿಡು ಎಂದು ನಾನು ಬುದ್ಧಿ ಹೇಳಿದೆ. ಅವಳು ಎರಡನ್ನೂ ಮಾಡಲಿಲ್ಲ. ಬರೋಡಾದಲ್ಲಿ ಗಿಂಡಿಯನ್ನು ಸಕ್ಕರೆಯ ಸಮೇತ ಇಟ್ಟು, ಪಕ್ಕದಲ್ಲಿ ಅಜ್ಜಿಯ ಚಿತ್ರ ಇಟ್ಟಳು. ಒಳಗೆ ಏನಿತ್ತು, ಹೇಗೆ ಹೋಯಿತು, ತೊಳೆದವರು ಶಂಕರಮ್ಮ, ಪಾತ್ರೆಯನ್ನು ಖಾಲಿ ಕಳಿಸುವುದು ನಮ್ಮಲ್ಲಿ ಅವಮಾನ ಎಂದೆಲ್ಲ ಬರೆದಳು. ಅವಳ ಗುರುಗಳು ಗಿಂಡಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಇನ್ನಷ್ಟು ದಿನ ಇಲ್ಲೇ ಇರಲಿ ಎಂದರಂತೆ.

ಫಲಿತಾಂಶಕ್ಕೆ ಕಾಯುತ್ತಾ ಅವಳು ನಮ್ಮ ಮನೆಯಲ್ಲಿದ್ದಳು. ದಿನವೂ ತುಂಗೆಯ ದಂಡೆಗೆ ಹೋಗಿ ಬಟ್ಟೆ ಒಗೆದು ಒಗೆದು ನುಣುಪಾದ ಕಲ್ಲುಗಳ ಮೇಲೆ ಕೈಯಾಡಿಸುತ್ತಾ ಕೂರುತ್ತಿದ್ದಳು. ಆಯನೂರಿನವರು ಒಮ್ಮೆ ಬಂದು ಮಂಡಕ್ಕಿ ತಿಂದು ಹೋದರು. ಫಲಿತಾಂಶ ಬರಲಿ ಎಂದು ಚಿಕ್ಕಪ್ಪ ಅವರಿಗೆ ಹೇಳಿ ಕಳಿಸಿದರು.

ಒಂದು ಮಧ್ಯಾಹ್ನ ರೈಲಿನಲ್ಲಿ ಪಾರ್ಸಲ್ ಬಂತು. ಗೋಣಿ ಬಿಚ್ಚಿ, ಹುಲ್ಲು ತೆಗೆದರೆ ಗಿಂಡಿ. ಜೊತೆಗೆ ಕಾಗದ ಪತ್ರ ಏನೂ ಇರಲಿಲ್ಲ. ರಾಜೇಶ್ವರಿಯ ಮುಖ ಬಾಡಿತು. ಅಜ್ಜಿ ಮಾತ್ರ ಗಿಂಡಿಯನ್ನು ಎತ್ತಿ, ಕೈಯಲ್ಲಿ ತೂಗಿ, ಬಾಯಿಗೆ ಕಟ್ಟಿದ್ದ ಬಟ್ಟೆ ಬಿಚ್ಚಿದರು. ಒಳಗೆ ಕುತ್ತಿಗೆಯವರೆಗೆ ಹೊಸ ಸಕ್ಕರೆ ಇತ್ತು.

"ಎದ್ದೇಳೆ," ಎಂದರು ಅಜ್ಜಿ, "ಫೇಲಾದವರ ಮನೆಗೆ ಯಾರಾದ್ರೂ ಸಕ್ಕರೆ ಕಳಿಸ್ತಾರಾ?"

ಆಮೇಲೆ ಹಿತ್ತಾಳೆ ಬಟ್ಟಲಿಗೆ ಎರಡು ಹಿಡಿ ಸುರಿದು, ಕರೀಮಾಬಿಗೆ ಕೊಟ್ಟು ಬಾ ಎಂದು ನನ್ನನ್ನು ಕಳಿಸಿದರು.